ತೋಳ ಕೊಲ್ಲೋದಾ, ಬೇಲಿ ಕಟ್ಟೋದಾ, ಕಾಡು ಬಿಡೋದಾ? ಕ್ಯಾರಿಬೂ ಉಳಿಸುವ ದಾರಿಗಳ ಹೋಲಿಕೆ

ಕೆನಡಾದ 25 ಸೆಂಟ್ ನಾಣ್ಯದ ಮೇಲೆ ಒಂದು ಕೊಂಬಿನ ಪ್ರಾಣಿಯ ತಲೆ ಇದೆ. ಎಡ್ಮಂಟನ್‌ಗೆ ಬಂದ ಹೊಸತರಲ್ಲಿ ನಾನು ಅದನ್ನು ಜಿಂಕೆ ಅಂದುಕೊಂಡಿದ್ದೆ. ಅದು ಕ್ಯಾರಿಬೂ. ಯುರೋಪಿನವರು ರೇನ್‌ಡಿಯರ್ ಅನ್ನುವುದೂ ಇದನ್ನೇ, ಕನ್ನಡದಲ್ಲಿ ಹಿಮಸಾರಂಗ ಅನ್ನುವುದೂ ಇದನ್ನೇ. 1937ರಿಂದ ನಾಣ್ಯದ ಮೇಲಿದೆ. ಆದರೆ ಕೆನಡಾದ ಪಶ್ಚಿಮದ ಪ್ರಾಂತ್ಯಗಳಾದ ಆಲ್ಬರ್ಟಾ, ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ ಅದರ ಹಿಂಡುಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಉಳಿದಿದ್ದ ಕೊನೆಯ ಐದು ಪ್ರಾಣಿಗಳು 2009ರಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತವು. ಅಮೆರಿಕದ ಗಡಿ ದಾಟಿ ಓಡಾಡುತ್ತಿದ್ದ ಸೌತ್ ಸೆಲ್ಕರ್ಕ್ ಹಿಂಡಿನಲ್ಲಿ 2018ರ ಎಣಿಕೆಗೆ ಸಿಕ್ಕಿದ್ದು ಮೂರೇ ಮೂರು, ಮೂರೂ ಹೆಣ್ಣು. 2019ರ ಜನವರಿಯಲ್ಲಿ ಅಲ್ಲಿ ಉಳಿದಿದ್ದ ಒಂದನ್ನು ಹಿಡಿದು ಬ್ರಿಟಿಷ್ ಕೊಲಂಬಿಯಾದ ರೆವೆಲ್‌ಸ್ಟೋಕ್ ಊರಿನ ಹತ್ತಿರದ ಆವರಣಕ್ಕೆ ತಂದರು. ಅಲ್ಲಿಗೆ ಅಲಾಸ್ಕ, ಹವಾಯಿ ಬಿಟ್ಟು ಅಮೆರಿಕದ ಉಳಿದ 48 ರಾಜ್ಯಗಳಲ್ಲಿ ಕಾಡು ಕ್ಯಾರಿಬೂ ಕಥೆ ಮುಗಿಯಿತು.

ಉಳಿದ ಹಿಂಡುಗಳನ್ನು ಕಾಪಾಡಲು ಸರ್ಕಾರಗಳು ತೋಳಗಳನ್ನು ಕೊಲ್ಲಿಸುತ್ತಿವೆ. ಇದು ಸರಿಯಾ ತಪ್ಪಾ ಅಂತ ಇಲ್ಲಿ ಪ್ರತಿ ಚಳಿಗಾಲ ಜಗಳ. ನಮ್ಮ ಕನ್ನಡದ ಗೆಳೆಯರ ಊಟದ ಮೇಜಿನ ಮೇಲೂ ಅದೇ ಜಗಳ: ಅರ್ಧ ಜನ ತೋಳದ ಕಡೆ, ಅರ್ಧ ಜನ ಕ್ಯಾರಿಬೂ ಕಡೆ. ನನಗೆ ಅನಿಸುವುದು, ಪ್ರಶ್ನೆಯನ್ನೇ ಹಾಗೆ ಕೇಳಬಾರದು. ಕೈಯಲ್ಲಿ ಏಳೆಂಟು ದಾರಿಗಳಿವೆ. ಯಾವ ಹಿಂಡಿಗೆ, ಯಾವಾಗ, ಯಾವುದರ ಜೊತೆ ಯಾವುದು ಅನ್ನುವುದು ವಿಷಯ. ಸರ್ಕಾರ ಅಭಿಪ್ರಾಯ ಕೇಳಿದಾಗ ಏನು ಬರೆಯಬೇಕು ಅಂತ ಯೋಚಿಸುತ್ತಿರುವವರಿಗೆ ಈ ಹೋಲಿಕೆ.

ತಪ್ಪು ತೋಳದ್ದಾ?

ಹೋಲಿಸುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ತೋಳವೂ ಕ್ಯಾರಿಬೂವೂ ಸಾವಿರಾರು ವರ್ಷ ಒಂದೇ ನಾಡಿನಲ್ಲಿ ಬಾಳಿವೆ. ಕ್ಯಾರಿಬೂ ಬದುಕುವ ಉಪಾಯ ಸರಳ: ಬೇರೆ ಯಾರೂ ಇರದ ಕಡೆ ಇರುವುದು. ಹಳೆಯ ಕಾಡು, ಎತ್ತರದ ಬೆಟ್ಟ, ಜೌಗು ನೆಲ. ಅಲ್ಲಿ ಮೂಸ್‌ಗಾಗಲಿ (ಜಿಂಕೆ ಜಾತಿಯ ಭಾರಿ ಗಾತ್ರದ ಪ್ರಾಣಿ) ಜಿಂಕೆಗಾಗಲಿ ತಿನ್ನಲು ಜಾಸ್ತಿ ಏನೂ ಸಿಗುವುದಿಲ್ಲ. ಕ್ಯಾರಿಬೂಗೆ ಸಿಗುತ್ತದೆ, ಯಾಕೆಂದರೆ ಅದು ತಿನ್ನುವುದು ಕಲ್ಲುಹೂವು. ಹೌದು, ನಾವು ಮಸಾಲೆಗೆ ಹುರಿದು ಹಾಕುತ್ತೇವಲ್ಲ, ಅದರ ನೆಂಟರು. ಮರದ ಕೊಂಬೆಗಳಿಂದ ಗಡ್ಡದ ಹಾಗೆ ಜೋತುಬಿದ್ದಿರುತ್ತವೆ, ನೆಲದ ಮೇಲೆ ಬೆಳ್ಳಗೆ ಹಾಸಿಕೊಂಡಿರುತ್ತವೆ. ಚಳಿಗಾಲ ಪೂರ್ತಿ ಅದೇ ಊಟ. ಆದರೆ ಕಲ್ಲುಹೂವು ತುಂಬಾ ನಿಧಾನವಾಗಿ ಬೆಳೆಯುತ್ತದೆ. ಕಾಡಿಗೆ ವಯಸ್ಸಾಗಿರಬೇಕು.

ಮರ ಕಡಿದರೆ ಏನಾಗುತ್ತದೆ? ಬಿಸಿಲು ಬೀಳುತ್ತದೆ, ಪೊದೆ ಚಿಗುರುತ್ತದೆ, ಚಿಗುರಿಗೆ ಮೂಸ್ ಮತ್ತು ಜಿಂಕೆ ಬರುತ್ತವೆ, ಅವುಗಳ ಹಿಂದೆ ತೋಳ ಬರುತ್ತದೆ. ತೋಳ ಬಂದಿದ್ದು ಮೂಸ್‌ಗೆ. ದಾರಿಯಲ್ಲಿ ಕ್ಯಾರಿಬೂ ಸಿಕ್ಕರೆ ಅದನ್ನೂ ಹಿಡಿಯುತ್ತದೆ. ಕ್ಯಾರಿಬೂ ಕಡಿಮೆಯಾದರೂ ತೋಳಕ್ಕೆ ಉಪವಾಸವಿಲ್ಲ, ಮೂಸ್ ಇದೆಯಲ್ಲ. ಹಾಗಾಗಿ ಬೇಟೆ ಕಡಿಮೆಯಾದಂತೆ ಬೇಟೆಗಾರನೂ ಕಡಿಮೆಯಾಗುವ ಹಳೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೂಸ್ ಹೆಚ್ಚು ಸಲ ಅವಳಿ ಹಾಕುತ್ತದೆ. ಕ್ಯಾರಿಬೂ ವರ್ಷಕ್ಕೆ ಒಂದೇ ಕರು, ಅದೂ ಸಾಮಾನ್ಯವಾಗಿ ಮೂರು ವರ್ಷ ತುಂಬಿದ ಮೇಲೆ.

ಇದರ ಮೇಲೆ ಸೀಸ್ಮಿಕ್ ಲೈನ್. ಎಣ್ಣೆ, ಗ್ಯಾಸ್ ಹುಡುಕಲು ಕಾಡಿನಲ್ಲಿ ಬುಲ್ಡೋಜರ್ ನುಗ್ಗಿಸಿ ನೇರ ಗೆರೆ ಎಳೆದ ಹಾಗೆ ಮರ ತೆಗೆದ ಪಟ್ಟಿಗಳು. ವಿಮಾನದಿಂದ ನೋಡಿದರೆ ಉತ್ತರ ಆಲ್ಬರ್ಟಾ ಚೌಕುಳಿ ಬಟ್ಟೆ ಹಾಸಿದ ಹಾಗೆ ಕಾಣುತ್ತದೆ. ಲಕ್ಷಗಟ್ಟಲೆ ಕಿಲೋಮೀಟರ್ ಇವೆ. ಕಾಲರ್ ಹಾಕಿದ ತೋಳಗಳನ್ನು ಹಿಂಬಾಲಿಸಿದಾಗ ಗೊತ್ತಾಗಿದ್ದು, ಈ ಪಟ್ಟಿಗಳ ಮೇಲೆ ಅವು ಕಾಡಿನ ಒಳಗಿನದಕ್ಕಿಂತ ಎರಡು ಮೂರು ಪಟ್ಟು ವೇಗವಾಗಿ ಓಡಾಡುತ್ತವೆ. ನಾವೇ ಅವಕ್ಕೆ ಹೆದ್ದಾರಿ ಹಾಕಿಕೊಟ್ಟಿದ್ದೇವೆ.

ದಾರಿ ಒಂದು: ಹೆಲಿಕಾಪ್ಟರಿನಿಂದ ಗುಂಡು

ಎಲ್ಲರೂ ಜಗಳವಾಡುವುದು ಇದರ ಬಗ್ಗೆಯೇ, ಆದ್ದರಿಂದ ಸ್ವಲ್ಪ ವಿವರವಾಗಿ.

ಕೆಲಸ ನಡೆಯುವುದು ಚಳಿಗಾಲದಲ್ಲಿ. ಹಿಮದ ಮೇಲೆ ಹೆಜ್ಜೆ ಕಾಣುತ್ತದೆ, ಎಲೆ ಉದುರಿದ್ದರಿಂದ ಮೇಲಿನಿಂದ ಪ್ರಾಣಿಯೂ ಕಾಣುತ್ತದೆ. ಮೊದಲು ಗುಂಪಿನ ಒಂದು ತೋಳವನ್ನು ಹಿಡಿದು ರೇಡಿಯೊ ಕಾಲರ್ ಹಾಕಿ ಬಿಡುತ್ತಾರೆ. ಅದು ತನ್ನವರ ಹತ್ತಿರ ಹೋಗುತ್ತದೆ. ಕೆಲವು ದಿನ ಬಿಟ್ಟು ಹೆಲಿಕಾಪ್ಟರ್ ಆ ಸಿಗ್ನಲ್ ಹಿಡಿದು ಬರುತ್ತದೆ. ಗುಂಪಿನ ಉಳಿದವನ್ನು ಹೊಡೆಯುತ್ತಾರೆ, ಕಾಲರಿನದನ್ನು ಬಿಡುತ್ತಾರೆ. ಅದು ಹೊಸ ಗುಂಪು ಹುಡುಕಿಕೊಂಡು ಹೋಗುತ್ತದೆ, ಹೆಲಿಕಾಪ್ಟರ್ ಮತ್ತೆ ಹಿಂದೆ. ಇದನ್ನು ಮಾಡುವವರೇ ಆ ಪ್ರಾಣಿಗೆ ಜೂಡಸ್ ತೋಳ ಅಂತ ಹೆಸರಿಟ್ಟಿದ್ದಾರೆ, ಯೇಸುವನ್ನು ಹಿಡಿದುಕೊಟ್ಟವನ ಹೆಸರು. ಓದುವಾಗ ಹೊಟ್ಟೆ ತೊಳಸಿದರೆ ಅದು ಸಹಜ. ನನಗೂ ತೊಳಸುತ್ತದೆ.

ಫಲ ಸಿಗುತ್ತದಾ? ಸಿಗುತ್ತದೆ. ಇದನ್ನು ಒಪ್ಪಿಕೊಳ್ಳದೆ ವಾದ ಮಾಡಿದರೆ ಪ್ರಯೋಜನವಿಲ್ಲ. ಬ್ರಿಟಿಷ್ ಕೊಲಂಬಿಯಾ 2015ರಲ್ಲಿ ಸೌತ್ ಪೀಸ್ ಪ್ರದೇಶದಲ್ಲಿ ಶುರು ಮಾಡಿತು. ಇಳಿಯುತ್ತಿದ್ದ ಹಿಂಡುಗಳು ಕೆಲವು ವರ್ಷಗಳಲ್ಲಿ ಏರತೊಡಗಿದವು. ದಕ್ಷಿಣದ ಬೆಟ್ಟದ ಕ್ಯಾರಿಬೂ ಹಿಂಡುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ, 2024ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ 1991ರಿಂದ 2023ರ ನಡುವೆ ಅವುಗಳ ಸಂಖ್ಯೆ ಶೇಕಡ 51ರಷ್ಟು ಇಳಿದಿದೆ. ಆದರೆ ಯಾವ ಕ್ರಮವನ್ನೂ ಕೈಗೊಳ್ಳದೇ ಇದ್ದಿದ್ದರೆ ಎಷ್ಟು ಉಳಿಯುತ್ತಿದ್ದವೋ, ಅದಕ್ಕಿಂತ ಈಗ ಶೇಕಡ 52ರಷ್ಟು ಜಾಸ್ತಿ ಇವೆ. ಒಂಟಿಯಾಗಿ ಮಾಡಿದಾಗಲೂ ಪದೇ ಪದೇ ಫಲ ಕೊಟ್ಟ ಕ್ರಮ ಒಂದೇ: ತೋಳ ಕಡಿಮೆ ಮಾಡುವುದು.

ಈಗ ಇನ್ನೊಂದು ಮುಖ. ಆಲ್ಬರ್ಟಾದ ಲಿಟಲ್ ಸ್ಮೋಕಿ ಹಿಂಡು. 2005ರಿಂದ 2012ರವರೆಗೆ ಅಲ್ಲಿ 841 ತೋಳಗಳನ್ನು ತೆಗೆದರು. ಹಿಂಡು ಇಳಿಯುವುದು ನಿಂತಿತು. ಏರಲಿಲ್ಲ. ಯಾಕೆ ಅಂದರೆ, ಆ ಹಿಂಡಿನ ನೆಲೆಯಲ್ಲಿ ಶೇಕಡ 95ರಷ್ಟು ಆಗಲೇ ಕಡಿದು, ಕೊರೆದು, ಗೆರೆ ಎಳೆದು ಹಾಳಾಗಿತ್ತು. ತೋಳ ಸಾಯುತ್ತಿತ್ತು, ಮೂಸ್ ಇತ್ತು, ರಸ್ತೆ ಇತ್ತು, ಪಕ್ಕದ ಕಾಡಿನಿಂದ ಹೊಸ ತೋಳ ಬರುತ್ತಿತ್ತು. ಒಂದು ಸೂಲಿಗೆ ನಾಲ್ಕೈದು ಮರಿ ಹಾಕುವ ಪ್ರಾಣಿ ಅದು. ಒಂದು ವರ್ಷ ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತದೆ. ಅರ್ಧಂಬರ್ಧ ಹೊಡೆದರೆ ಏನೂ ಆಗುವುದಿಲ್ಲ. ಮುಕ್ಕಾಲು ಪಾಲಿನಷ್ಟು ತೆಗೆಯಬೇಕು, ವರ್ಷ ವರ್ಷ ತೆಗೆಯಬೇಕು. ಅಂದರೆ ಇದು ಮದ್ದಲ್ಲ, ಡಯಾಲಿಸಿಸ್. ನಿಲ್ಲಿಸುವ ದಿನ ಯಾವುದು ಅಂತ ಮೊದಲೇ ಹೇಳದೆ ಶುರು ಮಾಡಿದರೆ ಮೊಮ್ಮಕ್ಕಳ ಕಾಲದವರೆಗೂ ಹೊಡೆಯುತ್ತಲೇ ಇರಬೇಕಾಗುತ್ತದೆ.

ತೋಳದ ಸಂತತಿಗೇ ಇದರಿಂದ ಅಪಾಯವಿದೆಯಾ? ಬ್ರಿಟಿಷ್ ಕೊಲಂಬಿಯಾದಲ್ಲಿ ಸುಮಾರು 8,500 ತೋಳಗಳಿವೆ ಅಂತ ಸರ್ಕಾರದ 2014ರ ಅಂದಾಜು. ಜಾತಿ ನಾಶವಾಗುವ ಮಾತಿಲ್ಲ. ವಿಷಯ ಇರುವುದು ಒಂದೊಂದು ಗುಂಪಿಗೆ, ಒಂದೊಂದು ಪ್ರಾಣಿಗೆ ಆಗುವ ಹಿಂಸೆಯಲ್ಲಿ. ಅದನ್ನು ಅಂಕಿಸಂಖ್ಯೆಯಿಂದ ಸಣ್ಣದು ಮಾಡಲಾಗದು.

ದಾರಿ ಎರಡು, ಮೂರು: ವಿಷ ಮತ್ತು ಇನಾಮು

ವಿಷ ಬೇಡ. ಲಿಟಲ್ ಸ್ಮೋಕಿಯಲ್ಲಿ ಮಾಂಸದಲ್ಲಿ ಸ್ಟ್ರಿಕ್ನೀನ್ ಇಟ್ಟು 154 ತೋಳ ಕೊಂದರು. ಅದೇ ಮಾಂಸ ತಿಂದು ಕಾಡುಕಾಗೆ, ನರಿ, ಕಯೋಟಿ (ತೋಳದ ಸಣ್ಣ ನೆಂಟ), ಲಿಂಕ್ಸ್ ಅನ್ನುವ ಕಾಡುಬೆಕ್ಕು ಕೂಡ ಸತ್ತವು. ಸ್ಟ್ರಿಕ್ನೀನ್ ಸಾವು ಸುಲಭದ ಸಾವಲ್ಲ, ಮೈ ಸೆಟೆದು ಸೆಟೆದು ಬರುವಂಥದ್ದು. ಇದನ್ನು ಆಯ್ಕೆಗಳ ಪಟ್ಟಿಯಿಂದಲೇ ತೆಗೆಯಬಹುದು.

ಇನಾಮು ನೋಡಲು ಅಗ್ಗ. ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲಿ ಕ್ಯಾರಿಬೂ ಚಳಿಗಾಲ ಕಳೆಯುವ ಕಡೆ ತೋಳ ಹೊಡೆದ ಬೇಟೆಗಾರರಿಗೆ ಒಂದಕ್ಕೆ 900 ಡಾಲರ್ ಕೊಟ್ಟಿದ್ದಾರೆ. ಸ್ಥಳೀಯ ಜನರಿಗೆ ಕೆಲಸ ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಇನಾಮಿನ ತೊಂದರೆ ಎಲ್ಲ ಕಡೆಯೂ ಒಂದೇ: ಬೇಟೆಗಾರ ಹೋಗುವುದು ತನಗೆ ಸುಲಭವಾದ ಕಡೆ, ಕ್ಯಾರಿಬೂಗೆ ಬೇಕಾದ ಕಡೆ ಅಲ್ಲ. ಅಲ್ಲೊಂದು ಇಲ್ಲೊಂದು ಹೊಡೆದರೆ ಗುಂಪು ಒಡೆಯುತ್ತದೆಯೇ ಹೊರತು ಸಂಖ್ಯೆ ಇಳಿಯುವುದಿಲ್ಲ. ಭಾರತದಲ್ಲೂ ಸೀಳುನಾಯಿಯ ತಲೆಗೆ ಹೀಗೇ ಇನಾಮು ಇತ್ತು, ಜಿಂಕೆ ತಿಂದುಬಿಡುತ್ತವೆ ಅಂತ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲಷ್ಟೇ ಅದು ನಿಂತಿದ್ದು. ಈಗ ಬಂಡೀಪುರದಲ್ಲಿ ಸೀಳುನಾಯಿ ಕಂಡರೆ ಜೀಪಿನಲ್ಲಿರುವವರೆಲ್ಲ ಎದ್ದು ನಿಲ್ಲುತ್ತಾರೆ.

ದಾರಿ ನಾಲ್ಕು: ಕೊಲ್ಲದೆ ಮರಿ ತಡೆಯುವುದು

ಅಲಾಸ್ಕದ ಫೋರ್ಟಿಮೈಲ್ ಹಿಂಡಿಗೆ 1997ರಿಂದ 2001ರವರೆಗೆ ಇದನ್ನು ಮಾಡಿ ನೋಡಿದರು. ಗುಂಪಿನ ಯಜಮಾನ ಜೋಡಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ, ಉಳಿದವನ್ನು ಹಿಡಿದು ದೂರ ಸಾಗಿಸುವುದು. ಜೋಡಿ ತನ್ನ ಜಾಗ ಕಾಯ್ದುಕೊಂಡು ಇರುತ್ತದೆ, ಹೊರಗಿನವರನ್ನು ಬಿಡುವುದಿಲ್ಲ, ಮರಿಯೂ ಇಲ್ಲ. ಯೋಚನೆ ಚೆನ್ನಾಗಿದೆ ಅಲ್ವಾ? 1995ರಲ್ಲಿ 22,000 ಆಸುಪಾಸು ಇದ್ದ ಹಿಂಡು ಕೆಲವೇ ವರ್ಷಗಳಲ್ಲಿ 40,000 ದಾಟಿತು. ಆದರೆ ಅದೇ ವರ್ಷಗಳಲ್ಲಿ ಬೇಟೆಯನ್ನೂ ತಗ್ಗಿಸಿದ್ದರು. ಹಾಗಾಗಿ ಎಷ್ಟು ಪುಣ್ಯ ಯಾವುದಕ್ಕೆ ಅಂತ ಬಿಡಿಸಿ ಹೇಳುವುದು ಕಷ್ಟ. ದುಬಾರಿ, ಒಂದೊಂದನ್ನೂ ಹಿಡಿಯಬೇಕು. ಸಾಗಿಸಿದ ತೋಳವನ್ನು ಯಾವ ಊರೂ ಬೇಡ ಅನ್ನುತ್ತದೆ.

ಈ ಹಿಂಡಿನ ಮುಂದಿನ ಕಥೆಯೂ ಗೊತ್ತಿರಲಿ. 2017ರ ಹೊತ್ತಿಗೆ 84,000ಕ್ಕೆ ಏರಿತು. ಮೇವು ಸಾಲಲಿಲ್ಲ. ಹೆಣ್ಣುಗಳು ಬಡಕಲಾದವು. ಮೂರ್ನಾಲ್ಕು ವರ್ಷದಲ್ಲಿ ಹಿಂಡು ಸುಮಾರು ಅರ್ಧಕ್ಕೆ ಇಳಿಯಿತು. ತೋಳ ತೆಗೆದು ಏರಿಸಿದ್ದನ್ನು ಹಸಿವು ಇಳಿಸಿತು.

ದಾರಿ ಐದು: ಮೂಸ್ ಕಡಿಮೆ ಮಾಡುವುದು

ತೋಳದ ಊಟವನ್ನೇ ಕಡಿಮೆ ಮಾಡಿದರೆ? ರೆವೆಲ್‌ಸ್ಟೋಕ್ ಸುತ್ತ 2003ರಿಂದ ಮೂಸ್ ಬೇಟೆಗೆ ಜಾಸ್ತಿ ಪರವಾನಗಿ ಕೊಟ್ಟರು. ಮೂಸ್ ಸಂಖ್ಯೆ ಶೇಕಡ 70ಕ್ಕೂ ಹೆಚ್ಚು ಇಳಿಯಿತು. ತೋಳಗಳು ತಾವಾಗಿಯೇ ಬೇರೆ ಕಡೆ ಹೋದವು. ಅಲ್ಲಿನ ದೊಡ್ಡ ಹಿಂಡು, ಕೊಲಂಬಿಯಾ ನಾರ್ತ್, ಇಳಿಯುವುದು ನಿಂತಿತು. ಪಕ್ಕದ ಸಣ್ಣ ಹಿಂಡುಗಳಿಗೆ ಇದು ಸಾಕಾಗಲಿಲ್ಲ.

ನನಗೆ ಈ ದಾರಿ ಮೇಲೆ ಒಂದು ಬಗೆಯ ಗೌರವ ಇದೆ. ಕಾರಣದ ಹತ್ತಿರ ಕೈ ಹಾಕುತ್ತದೆ. ಸತ್ತ ಮೂಸ್ ಯಾರದೋ ಮನೆಯ ಫ್ರೀಜರ್ ತುಂಬುತ್ತದೆ, ಸುಮ್ನೆ ಕೊಳೆಯುವುದಿಲ್ಲ. ಆದರೆ ನಿಧಾನ. ಎಡವಟ್ಟಾದರೆ ಅಪಾಯವೂ ಇದೆ: ಮೂಸ್ ತಟ್ಟನೆ ಇಲ್ಲವಾಗಿ ತೋಳ ಇನ್ನೂ ಅಷ್ಟೇ ಇದ್ದರೆ, ಹಸಿದ ತೋಳ ತಿರುಗುವುದು ಕ್ಯಾರಿಬೂ ಕಡೆಗೇ. ಜೊತೆಗೆ ಮೂಸ್ ಮಾಂಸ ನಂಬಿಕೊಂಡ ಮೂಲನಿವಾಸಿ ಊರುಗಳು, ಬೇಟೆಗಾರರು ಇದಕ್ಕೆ ಸುಲಭಕ್ಕೆ ಒಪ್ಪುವುದಿಲ್ಲ. ಯಾಕೆ ಒಪ್ಪಬೇಕು? ಮರ ಕಡಿದವರು ಅವರಲ್ಲವಲ್ಲ.

ದಾರಿ ಆರು: ಬಾಣಂತಿ ಬೇಲಿ

ನನಗೆ ತುಂಬಾ ಹಿಡಿಸಿದ್ದು ಇದು.

ಬ್ರಿಟಿಷ್ ಕೊಲಂಬಿಯಾದ ಈಶಾನ್ಯದಲ್ಲಿ ಮೊಬರ್ಲಿ ಸರೋವರ ಇದೆ. ಅಲ್ಲಿನ ವೆಸ್ಟ್ ಮೊಬರ್ಲಿ ಮತ್ತು ಸೋಟೋ ಮೂಲನಿವಾಸಿಗಳಿಗೆ ಕ್ಯಾರಿಬೂ ಅನ್ನ ಕೊಟ್ಟ ಪ್ರಾಣಿ. 1968ರಲ್ಲಿ ಬೆನೆಟ್ ಅಣೆಕಟ್ಟಿನ ನೀರು ನಿಂತು ವಿಲ್ಲಿಸ್ಟನ್ ಜಲಾಶಯ ಹುಟ್ಟಿದಾಗ ಹಿಂಡುಗಳ ಓಡಾಟದ ದಾರಿ ಕಡಿದುಹೋಯಿತು. ಆಮೇಲೆ ಗಣಿ, ಮರ, ಗ್ಯಾಸ್. ವೆಸ್ಟ್ ಮೊಬರ್ಲಿಯವರು 1970ರ ದಶಕದಲ್ಲೇ ತಾವಾಗಿಯೇ ಬೇಟೆ ನಿಲ್ಲಿಸಿದರು. ಅಷ್ಟಾದರೂ 2013ರ ಹೊತ್ತಿಗೆ ಕ್ಲಿನ್ಸೆ-ಜಾ ಹಿಂಡಿನಲ್ಲಿ ಉಳಿದಿದ್ದು 38.

2014ರಿಂದ ಅವರು ಮಾಡಿದ್ದು ಹೀಗೆ. ಮಾರ್ಚ್‌ನಲ್ಲಿ, ಇನ್ನೂ ಹಿಮ ಇರುವಾಗಲೇ, ಹೆಲಿಕಾಪ್ಟರಿನಿಂದ ಬಲೆ ಎಸೆದು ಬಸುರಿ ಹೆಣ್ಣುಗಳನ್ನು ಹಿಡಿಯುತ್ತಾರೆ. ಗಾಬರಿಯಾಗದಿರಲಿ ಅಂತ ಕಣ್ಣಿಗೆ ಬಟ್ಟೆ ಕಟ್ಟಿ ಬೆಟ್ಟದ ಮೇಲಿನ ಬೇಲಿಗೆ ತರುತ್ತಾರೆ. ಬೇಲಿ ಅಂದರೆ ತಂತಿ ಬಲೆ ಅಲ್ಲ. ಆಳೆತ್ತರಕ್ಕಿಂತ ಮೇಲೆ ಹೋಗುವ ಕಪ್ಪು ದಪ್ಪ ಬಟ್ಟೆಯ ಗೋಡೆ, ಒಳಗಿನದು ಹೊರಗೆ ಕಾಣಬಾರದು, ಹೊರಗಿನದು ಒಳಗೆ ಕಾಣಬಾರದು. ಅದರಾಚೆ ಕರೆಂಟಿನ ತಂತಿ, ಕರಡಿ ಮತ್ತು ತೋಳಕ್ಕೆ. ಪಕ್ಕದಲ್ಲೇ ಗುಡಿಸಲು ಹಾಕಿಕೊಂಡು ಊರಿನ ಕಾವಲುಗಾರರು ಹಗಲೂ ರಾತ್ರಿ ಇರುತ್ತಾರೆ. ಊರಿನವರು, ಮಕ್ಕಳೂ ಸೇರಿ, ಕಾಡಿನಲ್ಲಿ ಕಲ್ಲುಹೂವು ಕೈಯಲ್ಲಿ ಬಿಡಿಸಿ ಚೀಲಗಟ್ಟಲೆ ತರುತ್ತಾರೆ. ಬೇಲಿಗೆ ಬಂದ ಹೆಣ್ಣಿಗೆ ಮೊದಲು ಅದೇ ಊಟ, ಆಮೇಲೆ ನಿಧಾನಕ್ಕೆ ಹಿಂಡಿಯಂಥ ಉಂಡೆ ಮೇವು ಬೆರೆಸುತ್ತಾರೆ. ಮೇ ತಿಂಗಳ ಕೊನೆಯಲ್ಲಿ ಕರು. ಕರು ತಾಯಿಯ ಸಮಕ್ಕೆ ಓಡುವಷ್ಟಾದ ಮೇಲೆ, ಬೇಸಿಗೆಯ ನಡುವೆ, ಬಾಗಿಲು ತೆಗೆಯುತ್ತಾರೆ. ಹೆರಿಗೆಗೆ ತವರಿಗೆ ಹೋಗಿ, ಬಾಣಂತನ ಮುಗಿಸಿಕೊಂಡು ವಾಪಸ್ ಬರುತ್ತಾರಲ್ಲ, ಹಾಗೇ.

2022ರಲ್ಲಿ ಹಿಂಡು 114. ಹತ್ತು ವರ್ಷವೂ ತುಂಬುವ ಮೊದಲೇ ಸುಮಾರು ಮೂರು ಪಟ್ಟು.

ಆದರೆ ಇದನ್ನು ಹೇಳುವವರು ಸಾಮಾನ್ಯವಾಗಿ ಒಂದು ವಿಷಯ ನುಂಗಿಕೊಳ್ಳುತ್ತಾರೆ. ಅಲ್ಲಿ ತೋಳವನ್ನೂ ಕೊಂದರು. ಮೊದಲು ಊರಿನ ಉರುಲುಗಾರರು, ಆಮೇಲೆ ಸರ್ಕಾರದ ಹೆಲಿಕಾಪ್ಟರ್. ಬೇಲಿ ಕರುವನ್ನು ಕಾಯುತ್ತದೆ, ಬಾಗಿಲು ತೆಗೆದ ಮೇಲೆ ತಾಯಿಯನ್ನು ಕಾಯುವುದಿಲ್ಲ. ರೆವೆಲ್‌ಸ್ಟೋಕ್‌ನಲ್ಲೂ 2014ರಲ್ಲಿ ಇಂಥದೇ ಬೇಲಿ ಶುರುವಾಗಿತ್ತು. ಹಿಂಡಿನ ಸಣ್ಣ ಪಾಲು ಹೆಣ್ಣುಗಳು ಮಾತ್ರ ಒಳಗೆ ಬಂದವು, ಬಿಟ್ಟ ಮೇಲೆ ಹಲವು ಕರುಗಳು ಉಳಿಯಲಿಲ್ಲ, 2018ಕ್ಕೆ ಮುಚ್ಚಿದರು. ಬೇಲಿಯೊಂದನ್ನೇ ನೆಚ್ಚಿಕೊಂಡರೆ ಆಗುವುದು ಅಷ್ಟೇ.

ಕ್ಲಿನ್ಸೆ-ಜಾದಲ್ಲಿ ಮೂರನೆಯ ಕಾಲೂ ಇದೆ. 2020ರ ಫೆಬ್ರವರಿಯಲ್ಲಿ ಎರಡೂ ಸಮುದಾಯಗಳು ಕೆನಡಾ ಮತ್ತು ಪ್ರಾಂತ್ಯ ಸರ್ಕಾರಗಳ ಜೊತೆ ಒಪ್ಪಂದ ಮಾಡಿಕೊಂಡವು. ಅದರ ಫಲವಾಗಿ 2024ರಲ್ಲಿ ಅಲ್ಲಿನ ಪುಟ್ಟ ಉದ್ಯಾನವನ್ನು ಸುಮಾರು 2 ಲಕ್ಷ ಹೆಕ್ಟೇರಿಗೆ ಹಿಗ್ಗಿಸಿದರು. ಬೇಲಿ, ತೋಳ, ನೆಲ. ಮೂರೂ ಒಂದೇ ಕಡೆ ಸೇರಿದ್ದು ನನಗೆ ತಿಳಿದ ಹಾಗೆ ಇಲ್ಲಿ ಮಾತ್ರ.

ಮೇವು ಹಾಕುವುದನ್ನೂ ಇಲ್ಲೇ ಸೇರಿಸಿಬಿಡುತ್ತೇನೆ. ಕೆನಡಿ ಸೈಡಿಂಗ್ ಅನ್ನುವ ಹಿಂಡು ಪ್ರತಿ ಶರತ್ಕಾಲ ಒಂದೇ ಪೈನ್ ಕಾಡಿಗೆ ಬಂದು ಸೇರುತ್ತದೆ. 2014ರಿಂದ ಅಲ್ಲಿ ಉಂಡೆ ಮೇವು ಇಡುತ್ತಾರೆ. ಮೈತುಂಬಿಕೊಂಡು ಚಳಿಗಾಲಕ್ಕೆ ಹೋಗುತ್ತವೆ. ಅಗ್ಗ, ಸರಳ. ಹಿಂಡು ಒಂದೇ ಕಡೆ ಬಂದು ನಿಲ್ಲುವ ಸ್ವಭಾವದ್ದಾಗಿದ್ದರೆ ಮಾತ್ರ ಸಾಧ್ಯ. ಇಲ್ಲೂ ಸಂಖ್ಯೆ ಚೆನ್ನಾಗಿ ಏರಿದ್ದು ತೋಳ ಕಡಿಮೆ ಮಾಡಿದ್ದರ ಜೊತೆಗೇ.

ದಾರಿ ಏಳು: ಎತ್ತಿಕೊಂಡು ಹೋಗುವುದು

ಸುಪೀರಿಯರ್ ಸರೋವರದ ಮಿಚಿಪಿಕಾಟನ್ ದ್ವೀಪಕ್ಕೆ 1980ರ ದಶಕದಲ್ಲಿ ಕೆಲವು ಕ್ಯಾರಿಬೂ ತಂದು ಬಿಟ್ಟಿದ್ದರು. ತೋಳ ಇಲ್ಲ. ನೂರಾರಾದವು. 2014ರ ಚಳಿಗೆ ಸರೋವರ ಹೆಪ್ಪುಗಟ್ಟಿತು. ನಾಲ್ಕು ತೋಳಗಳು ಹಿಮದ ಮೇಲೆ ನಡೆದು ಬಂದವು. ನಾಲ್ಕೇ ವರ್ಷದಲ್ಲಿ ಬೆರಳೆಣಿಕೆಯಷ್ಟು ಕ್ಯಾರಿಬೂ ಉಳಿದವು. 2018ರ ಜನವರಿಯಲ್ಲಿ ಉಳಿದವನ್ನು ಹೆಲಿಕಾಪ್ಟರಿಗೆ ಹಾಕಿಕೊಂಡು ಸ್ಲೇಟ್ ದ್ವೀಪಗಳಿಗೆ, ಆಮೇಲೆ ಕ್ಯಾರಿಬೂ ದ್ವೀಪಕ್ಕೆ ಸಾಗಿಸಿದರು. ಹಿಂದೆ ಉಳಿದ ತೋಳಗಳಿಗೆ ಊಟವಿಲ್ಲ. 2019ರಲ್ಲಿ ಅವನ್ನೂ ಹಿಡಿದು ಅಮೆರಿಕದ ಐಲ್ ರಾಯಲ್‌ಗೆ ಬಿಟ್ಟರು, ಅಲ್ಲಿ ಮೂಸ್ ಮಿತಿಮೀರಿತ್ತು. ಎರಡೂ ಕಡೆಯವರು ಬದುಕಿದ ಕಥೆ ಇದೊಂದೇ ಅನಿಸುತ್ತದೆ.

ದ್ವೀಪವಿಲ್ಲದ ಕಡೆ ಸಾಗಿಸುವುದು ನಷ್ಟದ ಬಾಬತ್ತು. 2012ರಲ್ಲಿ ಉತ್ತರದಿಂದ 19 ಕ್ಯಾರಿಬೂ ತಂದು ಪರ್ಸೆಲ್ ಬೆಟ್ಟಗಳಲ್ಲಿ ಬಿಟ್ಟರು. ಅವು ಬೆಳೆದ ನೆಲ ಬೇರೆ, ಅಲ್ಲಿನ ಬೆಟ್ಟಸಿಂಹದ (ಪ್ಯೂಮಾ) ಪರಿಚಯವೇ ಅವಕ್ಕಿರಲಿಲ್ಲ. ಹೆಚ್ಚಿನವು ಬೇಗನೆ ಸತ್ತವು.

ಶಾಶ್ವತವಾಗಿ ಬೇಲಿಯೊಳಗೆ ಇಡುವುದೂ ಇದೆ. ಕ್ವಿಬೆಕ್ 2020ರಲ್ಲಿ ವಾಲ್-ಡೋರ್ ಹಿಂಡಿನ ಏಳನ್ನು, 2022ರಲ್ಲಿ ಶಾರ್ಲೆವ್ವಾ ಹಿಂಡಿನ ಹದಿನಾರನ್ನು ಆವರಣಕ್ಕೆ ಹಾಕಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆದರೂ ಏಳು ಉಳಿದಿರುವಾಗ ಬೇರೆ ಏನು ಮಾಡುತ್ತೀರಿ?

ದಾರಿ ಎಂಟು: ನೆಲ ಬಿಡುವುದು

ಉಳಿದ ಎಲ್ಲವೂ ಇದಕ್ಕೆ ಸಮಯ ಕೊಳ್ಳುವ ಉಪಾಯಗಳು ಅನ್ನುವುದು ನನ್ನ ಅಭಿಪ್ರಾಯ. ಬೆಟ್ಟದವಲ್ಲದ, ಉತ್ತರದ ಬೊರಿಯಲ್ ಕಾಡಿನ ಕ್ಯಾರಿಬೂಗೆ ಕೆನಡಾದ 2012ರ ಯೋಜನೆ ಒಂದು ಅಳತೆ ಕೊಟ್ಟಿದೆ: ನೆಲೆಯ ಶೇಕಡ 65ರಷ್ಟಾದರೂ ಮುಟ್ಟದೆ ಉಳಿದಿರಬೇಕು. ಅಷ್ಟಿದ್ದರೂ ಹಿಂಡು ತನ್ನಷ್ಟಕ್ಕೆ ಉಳಿಯುವ ಸಾಧ್ಯತೆ ಶೇಕಡ 60 ಮಾತ್ರ. ಅಂದರೆ ಪಾಸಾಗಲು ಬೇಕಾದ ಕನಿಷ್ಠ ಅಂಕ. ರಸ್ತೆ, ಕಡಿದ ಜಾಗ, ಗೆರೆ, ಎಲ್ಲದರ ಸುತ್ತ 500 ಮೀಟರನ್ನೂ ಹಾಳಾದ ಲೆಕ್ಕಕ್ಕೇ ಸೇರಿಸುತ್ತಾರೆ.

ಸೀಸ್ಮಿಕ್ ಲೈನ್ ಮುಚ್ಚುವುದು ಕೂಲಿ ಕೆಲಸ. ನೆಲ ಗುಡ್ಡೆ ಗುಡ್ಡೆ ಮಾಡಿ ಸಸಿ ನೆಡುತ್ತಾರೆ, ಅಡ್ಡಕ್ಕೆ ಮರ ಉರುಳಿಸುತ್ತಾರೆ, ತೋಳ ಓಡಲಾಗದ ಹಾಗೆ. ಕಿಲೋಮೀಟರಿಗೆ ಹತ್ತು ಸಾವಿರ ಡಾಲರ್ ಆಸುಪಾಸು ಖರ್ಚು. ಕಾಡು ವಾಪಸ್ ಬರಲು ದಶಕಗಳು ಬೇಕು, ಕಲ್ಲುಹೂವಿಗೆ ಇನ್ನೂ ಜಾಸ್ತಿ. ಸಣ್ಣ ಹಿಂಡು ಅಷ್ಟು ಕಾಯುವುದಿಲ್ಲ. "ತೋಳ ಮುಟ್ಟಬೇಡಿ, ಕಾಡು ಉಳಿಸಿ ಸಾಕು" ಅನ್ನುವ ನನ್ನ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ಕಾಡು ಬೆಳೆಯುವ ಹೊತ್ತಿಗೆ ಅದರಲ್ಲಿ ಬಿಡಲು ಕ್ಯಾರಿಬೂ ಇರಬೇಕಲ್ಲ.

ಕರಡಿ ಹೊಡೆದ ಅಲಾಸ್ಕ

ತಪ್ಪು ಆಯ್ಕೆ ಹೇಗಿರುತ್ತದೆ ಅಂತ ನೋಡಬೇಕಾದರೆ ಮಲ್ಚಾಟ್ನಾ ಹಿಂಡು ನೋಡಬೇಕು. 1990ರ ದಶಕದಲ್ಲಿ ಸುಮಾರು 2 ಲಕ್ಷ ಇತ್ತು. ಈಚೆಗೆ 13,000ದ ಆಸುಪಾಸು. 2023ರ ವಸಂತದಲ್ಲಿ, ಕರು ಹಾಕುವ ಹೊತ್ತಿನಲ್ಲಿ, ರಾಜ್ಯದ ಸಿಬ್ಬಂದಿ 94 ಕಂದು ಕರಡಿ, 5 ಕಪ್ಪು ಕರಡಿ, 5 ತೋಳಗಳನ್ನು ಹೆಲಿಕಾಪ್ಟರಿನಿಂದ ಹೊಡೆದರು. ಆ ಪ್ರದೇಶದಲ್ಲಿ ಕರಡಿ ಒಟ್ಟು ಎಷ್ಟಿವೆ ಅನ್ನುವ ಗಟ್ಟಿ ಲೆಕ್ಕ ಇರಲಿಲ್ಲ. ಹಿಂಡಿನಲ್ಲಿ ಬ್ರೂಸೆಲ್ಲೋಸಿಸ್ ಅನ್ನುವ ಸೋಂಕು ರೋಗವೂ ಇತ್ತು, ಮೇವಿನ ಪ್ರಶ್ನೆಯೂ ಇತ್ತು. 2025ರಲ್ಲಿ ನ್ಯಾಯಾಲಯ ಆ ಕಾರ್ಯಕ್ರಮ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂದಿತು. ಕರಡಿ ತೋಳದ ಹಾಗಲ್ಲ. ಹೆಣ್ಣು ಕಂದು ಕರಡಿ ಮೂರ್ನಾಲ್ಕು ವರ್ಷಕ್ಕೊಮ್ಮೆ ಮರಿ ಹಾಕುತ್ತದೆ. ಹೊಡೆದ ಜಾಗ ಬೇಗ ತುಂಬುವುದಿಲ್ಲ.

ದೊಡ್ಡ ವಲಸೆ ಹಿಂಡುಗಳಿಗೂ ತೋಳದ ಲೆಕ್ಕ ಅಷ್ಟಾಗಿ ಕೂಡುವುದಿಲ್ಲ. ಕೆನಡಾದ ಉತ್ತರದ ಬ್ಯಾಥರ್ಸ್ಟ್ ಹಿಂಡು 1986ರಲ್ಲಿ 4,70,000, 2018ರಲ್ಲಿ 8,200. ಇಷ್ಟು ದೊಡ್ಡ ಕುಸಿತವನ್ನು ತೋಳದ ತಲೆಗೆ ಕಟ್ಟಲಾಗದು. ನ್ಯೂಫೌಂಡ್‌ಲ್ಯಾಂಡ್‌ನಲ್ಲಂತೂ 1930ರ ಹೊತ್ತಿಗೇ ತೋಳ ಇಲ್ಲ. ಆದರೂ 1990ರ ದಶಕದ 90,000 ಕ್ಯಾರಿಬೂ ಮೂರನೇ ಒಂದಕ್ಕೆ ಇಳಿದವು. ಕರು ಹಿಡಿದಿದ್ದು ಕರಡಿ ಮತ್ತು ಕಯೋಟಿ, ಆದರೆ ಹಿಂಡೇ ಮೇವಿಗೆ ಮೀರಿ ಬೆಳೆದಿತ್ತು.

ಹಾಗಾದರೆ ಯಾವುದು?

ಹಿಂಡಿನಲ್ಲಿ ಹತ್ತು ಹದಿನೈದು ಮಾತ್ರ ಉಳಿದಿದ್ದರೆ ಆಯ್ಕೆಗಳು ಮುಗಿದಿವೆ. ಹಿಡಿದು ಆವರಣಕ್ಕೆ ತರುವುದು ಅಥವಾ ದೊಡ್ಡ ಹಿಂಡಿಗೆ ಸೇರಿಸುವುದು.

ಮೂವತ್ತು ನಲವತ್ತರಿಂದ ನೂರರ ಒಳಗೆ ಇದ್ದು, ಹೊಣೆ ಹೊರಲು ಹತ್ತಿರದಲ್ಲಿ ಒಂದು ಊರು ತಯಾರಿದ್ದರೆ, ಬಾಣಂತಿ ಬೇಲಿ ಮತ್ತು ತೋಳ ನಿಯಂತ್ರಣ ಒಟ್ಟಿಗೆ. ಬೇಲಿ ಕಾಯುವವರು ಬಾಡಿಗೆಗೆ ಸಿಗುವುದಿಲ್ಲ. ಐದು ತಿಂಗಳು ಬೆಟ್ಟದ ಮೇಲೆ ಇರಲು ಆ ಪ್ರಾಣಿ ಬೇಕು ಅನ್ನುವವರೇ ಆಗಬೇಕು.

ನೂರಾರು ಇದ್ದು ಮೆಲ್ಲಗೆ ಇಳಿಯುತ್ತಿದ್ದರೆ ಮೂಸ್ ಕಡೆಯಿಂದ ಶುರು ಮಾಡಬಹುದು, ಸಮಯ ಇದೆ. ಜೋರಾಗಿ ಇಳಿಯುತ್ತಿದ್ದರೆ ತೋಳ. ಸಾವಿರಗಟ್ಟಲೆ ಇರುವ ವಲಸೆ ಹಿಂಡಾದರೆ ಮೊದಲು ಮೇವು, ರೋಗ, ಬೇಟೆ ನೋಡಿ. ಹೆಲಿಕಾಪ್ಟರ್ ಕೊನೆಗೆ.

ನೆಲ ಮುಟ್ಟದೆ ಉಳಿಸುವ ಕೆಲಸ ಎಲ್ಲದಕ್ಕೂ ಜೊತೆಗೇ ಇರಬೇಕು, ಆಮೇಲೆ ಅಲ್ಲ. ಒಂದೇ ಬೆಟ್ಟದಲ್ಲಿ ತೋಳ ಹೊಡೆಯಲು ಹಣ ಕೊಟ್ಟು, ಅದೇ ವರ್ಷ ಹೊಸದಾಗಿ ಮರ ಕಡಿಯಲು ಪರವಾನಗಿ ಕೊಡುವ ಯೋಜನೆಗೆ ನಾನು ಬೇಡ ಅಂತಲೇ ಬರೆಯುತ್ತೇನೆ, ಕ್ಯಾರಿಬೂ ಎಷ್ಟೇ ಇಷ್ಟವಿದ್ದರೂ. ಕಡಿಯುವುದು ನಿಂತಿದೆ, ಗೆರೆ ಮುಚ್ಚುತ್ತಿದ್ದಾರೆ, ತೋಳ ಹೊಡೆಯುವುದು ಯಾವಾಗ ನಿಲ್ಲುತ್ತದೆ ಅಂತ ಬರೆದುಕೊಟ್ಟಿದ್ದಾರೆ ಅಂದರೆ, ಹೊಟ್ಟೆ ತೊಳಸಿದರೂ ಹೂಂ ಅನ್ನುತ್ತೇನೆ.

ಹಿಂಟನ್‌ನಿಂದ ಗ್ರ್ಯಾಂಡ್ ಕ್ಯಾಶ್‌ಗೆ ಹೋಗುವ 40ನೇ ಹೆದ್ದಾರಿಯಲ್ಲಿ ಕ್ಯಾರಿಬೂ ಚಿತ್ರದ ಹಳದಿ ಫಲಕಗಳಿವೆ. ಹಿಮ ಕರಗಿಸಲು ಹಾಕಿದ ಉಪ್ಪು ನೆಕ್ಕಲು ಅವು ರಸ್ತೆಗೇ ಬಂದು ನಿಲ್ಲುತ್ತವೆ. ಅಸೆನಿವುಚೆ ವಿನೆವಾಕ್ ಸಮುದಾಯದವರು ಗಾಡಿಯಲ್ಲಿ ಗಸ್ತು ತಿರುಗಿ ಅವನ್ನು ರಸ್ತೆಯಿಂದ ಆಚೆ ಕಳಿಸುತ್ತಾರೆ. ಆ ಕಡೆ ಹೋದರೆ ನಿಧಾನಕ್ಕೆ ಓಡಿಸಿ, ಇದು ಯಾವ ಹೋಲಿಕೆಗೂ ಸೇರದ ದಾರಿ.

ಇನ್ನು ವರದಿ ಓದುವವರಿಗೆ. ಚಳಿಗಾಲದ ಕೊನೆಯ ಎಣಿಕೆಯಲ್ಲಿ ನೂರು ಹೆಣ್ಣಿಗೆ ಸುಮಾರು 29 ಕರುಗಳಿರಬೇಕು, ನೂರು ಹೆಣ್ಣಿನಲ್ಲಿ 85 ಆದರೂ ಆ ಒಂದು ವರ್ಷ ಬದುಕಿ ಉಳಿಯಬೇಕು. ಅಷ್ಟಿದ್ದರೆ ಹಿಂಡು ಇದ್ದಲ್ಲೇ ನಿಲ್ಲುತ್ತದೆ. ಕರು ಕಡಿಮೆ, ತಾಯಂದಿರು ಸರಿ ಇದ್ದಾರೆ ಅಂದರೆ ಬೇಲಿ ಕೆಲಸಕ್ಕೆ ಬರಬಹುದು. ತಾಯಂದಿರೇ ಸಾಯುತ್ತಿದ್ದರೆ ಬೇಲಿಗೆ ಹಣ ಹಾಕಬೇಡಿ. ಹೊಸ ವರದಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಈ ಎರಡು ಸಂಖ್ಯೆ, ಆಮೇಲೆ ಅದೇ ವರ್ಷದ ಮರ ಕಡಿಯುವ ನಕ್ಷೆ. ಎಷ್ಟು ತೋಳ ಸತ್ತವು ಅನ್ನುವ ಪುಟ ಕೊನೆಗೆ.